ಗ್ರಂಥಪಾಲಕರ ತವರು ಬೆಂಗಳೂರು

ಮಲ್ಲೇಶ್ವರವೆಂದರೆ ಬೆಂಗಳೂರಿಗರಿಗೆ ಥಟ್ಟನೆ ನೆನಪಾಗುವುದು ಸಂಪಿಗೆ ರಸ್ತೆಯ ಅಂಗಡಿಸಾಲು, 8ನೇ ಕ್ರಾಸಿನ ಹೂವು ಹಣ್ಣಿನ ಗದ್ದಲ, ಕಾಡುಮಲ್ಲೇಶ್ವರನ ಗುಡಿ ಮತ್ತು ಬಿಸಿಬಿಸಿ ದೋಸೆ. ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನರು ನೆಲೆಸಿ ಬೆಳೆಸಿದ ಈ ಬಡಾವಣೆ ಸಂಗೀತಗಾರರಿಗೆ, ಸಾಹಿತಿಗಳಿಗೆ, ವಿಜ್ಞಾನಿಗಳಿಗೆ ಮನೆಯಾಗಿದೆ. ಆದರೆ ಇದೇ ಬಡಾವಣೆಯ 11ನೇ ಅಡ್ಡರಸ್ತೆಗೆ ಇನ್ನೊಂದು ಹೆಗ್ಗಳಿಕೆಯಿದೆ. ದೇಶದ ನಾನಾ ಮೂಲೆಗಳಲ್ಲಿ ಒಬ್ಬೊಬ್ಬರೇ ಕುಳಿತು ಕೆಲಸ ಮಾಡುತ್ತಿದ್ದ ಗ್ರಂಥಪಾಲಕರು ತಮ್ಮ ಕಸುಬಿನ ಬಗ್ಗೆ ಒಟ್ಟಿಗೆ ಕುಳಿತು ಚರ್ಚಿಸಲು ಕಲಿತದ್ದರಲ್ಲಿ ಈ ಬೀದಿಗೆ ದೊಡ್ಡ ಪಾಲಿದೆ. ಸಂಪಿಗೆ ರಸ್ತೆಯಲ್ಲಿ ಕೈಚೀಲ ಹಿಡಿದು ಸಾಗುವ ನೂರು ಮಂದಿಯಲ್ಲಿ ಈ ಸಂಗತಿ ತಿಳಿದವರು ಒಬ್ಬಿಬ್ಬರಿದ್ದರೆ ಹೆಚ್ಚು.

ಲೈಬ್ರರಿಯನ್ನರು ಸೇರಿ ಚರ್ಚಿಸುವಂಥದ್ದು ಏನಿದೆ? ಪುಸ್ತಕ ಕೊಡುವುದು, ವಾಪಸು ಪಡೆಯುವುದು, ತಡವಾದರೆ ದಂಡ ಹಾಕುವುದು, ಇಷ್ಟೇ ತಾನೆ? ಹೀಗೆ ಕೇಳುವವರು ಒಂದು ಅಂಶವನ್ನು ಗಮನಿಸಬೇಕು. ಶಾಲೆಯ ಗಣಿತದ ಮೇಷ್ಟ್ರಿಗೆ ಲೆಕ್ಕವೊಂದು ತೊಡಕಾದರೆ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ಮೇಷ್ಟ್ರಿರುತ್ತಾರೆ. ವಕೀಲರಿಗೆ ವಕೀಲರ ಸಂಘದ ಕೊಠಡಿಯಿದೆ. ವೈದ್ಯರಿಗೆ ಆಸ್ಪತ್ರೆಯಲ್ಲಿ ಹಿರಿಯ ವೈದ್ಯರಿರುತ್ತಾರೆ. ಗ್ರಂಥಪಾಲಕ ಮಾತ್ರ ಸಾಮಾನ್ಯವಾಗಿ ಒಂದು ಸಂಸ್ಥೆಗೆ ಒಬ್ಬನೇ. ಅವನ ಕೆಲಸದ ಒಳಮರ್ಮ ಅದೇ ಕಟ್ಟಡದಲ್ಲಿ ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಹೊಸ ವಿಷಯದ ಪುಸ್ತಕ ಬಂದರೆ ಯಾವ ಕಪಾಟಿಗೆ ಸೇರಿಸಬೇಕು, ಇರುವ ಅಲ್ಪ ಹಣದಲ್ಲಿ ಯಾವ ಪತ್ರಿಕೆ ತರಿಸಬೇಕು, ಓದಲು ಬಾರದ ಹುಡುಗನನ್ನು ಹೇಗೆ ಕರೆತರಬೇಕು ಎಂಬ ಪ್ರಶ್ನೆಗಳನ್ನು ಆತ ಯಾರ ಬಳಿ ಕೇಳಬೇಕು? ಊರಿನಾಚೆ ಇರುವ ಇನ್ನೊಬ್ಬ ಗ್ರಂಥಪಾಲಕನನ್ನೇ ಕೇಳಬೇಕು. ಆದ್ದರಿಂದಲೇ ಈ ವೃತ್ತಿಯವರಿಗೆ ಸಂಘ, ಸಮ್ಮೇಳನ, ಪತ್ರಿಕೆಗಳು ಬೇರೆಯವರಿಗಿಂತ ಹೆಚ್ಚು ಅಗತ್ಯವಾದವು.

ಬೆಳಗಾವಿಯಲ್ಲೊಂದು ಸಭೆ

ಈ ಅಗತ್ಯವನ್ನು ಮೊದಲು ಮನಗಂಡವರಲ್ಲಿ ಅಮೆರಿಕದವರೂ ಸೇರಿದ್ದಾರೆ. 1876ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾ ನಗರದಲ್ಲಿ 103 ಮಂದಿ ಸೇರಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನನ್ನು ಕಟ್ಟಿದರು. ದಶಮಾಂಶ ವರ್ಗೀಕರಣದ ಮೆಲ್ವಿಲ್ ಡ್ಯೂಯಿ ಅವರು ಅದರ ಸ್ಥಾಪಕರಲ್ಲೊಬ್ಬರು. ಅದೇ ವರ್ಷ ಗ್ರಂಥಪಾಲಕರಿಗಾಗಿಯೇ ಒಂದು ಪತ್ರಿಕೆಯೂ ಹೊರಟಿತು. ವರ್ಷಕ್ಕೊಮ್ಮೆ ಮುಖಾಮುಖಿ ಭೇಟಿ, ಉಳಿದ ದಿನಗಳಲ್ಲಿ ಪತ್ರಿಕೆಯ ಮೂಲಕ ಮಾತುಕತೆ. ಈ ಜೋಡಿ ಏರ್ಪಾಡು ಮುಂದೆ ಎಲ್ಲ ದೇಶಗಳಿಗೂ ಮಾದರಿಯಾಯಿತು.

ನಮ್ಮ ದೇಶದಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕನ್ ಗ್ರಂಥಪಾಲಕರನ್ನು ಕರೆಸಿ ತಮ್ಮ ಸಂಸ್ಥಾನದಲ್ಲಿ ಗ್ರಂಥಾಲಯಗಳ ಜಾಲವನ್ನೇ ಹೆಣೆಸಿದರು. ಅಲ್ಲಿಂದ 1912ರಲ್ಲಿ ಇಂಗ್ಲಿಷ್, ಗುಜರಾತಿ, ಮರಾಠಿ ಮೂರೂ ಭಾಷೆಗಳ ಬರಹಗಳಿದ್ದ ಗ್ರಂಥಾಲಯ ಪತ್ರಿಕೆಯೊಂದು ಹೊರಟಿತು. ಪಕ್ಕದ ಆಂಧ್ರದಲ್ಲಿ 1914ರಲ್ಲಿ ವಿಜಯವಾಡದಲ್ಲಿ ಗ್ರಂಥಾಲಯ ಸಂಘ ಹುಟ್ಟಿತು. ಅಯ್ಯಂಕಿ ವೆಂಕಟರಮಣಯ್ಯನವರು ಆ ಚಳವಳಿಯ ಜೀವಾಳ. ‘ಗ್ರಂಥಾಲಯ ಸರ್ವಸ್ವಂ’ ಎಂಬ ತೆಲುಗು ಪತ್ರಿಕೆ ಹಳ್ಳಿಹಳ್ಳಿಯ ಪುಸ್ತಕ ಭಂಡಾರಗಳನ್ನು ಒಂದಕ್ಕೊಂದು ಬೆಸೆಯಿತು. ಕೃಷ್ಣಾ ನದಿಯ ಕಾಲುವೆಯಲ್ಲಿ ದೋಣಿಯ ಮೇಲೆ ಪುಸ್ತಕ ಸಾಗಿಸಿದ ಖ್ಯಾತಿಯೂ ಈ ಚಳವಳಿಯದೇ.

ಸಾರ್ವಜನಿಕ ಗ್ರಂಥಾಲಯಗಳ ಮೊದಲ ಅಖಿಲ ಭಾರತ ಸಮ್ಮೇಳನ ಮದರಾಸಿನಲ್ಲಿ 1919ರ ನವೆಂಬರಿನಲ್ಲಿ ಸೇರಿತು. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಆಚರಿಸುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದ ಹಿಂದೆ ಆ ಸಮ್ಮೇಳನದ ನೆನಪಿದೆ. ಮುಂದೆ ಇಂಥ ಒಂದು ಸಮ್ಮೇಳನಕ್ಕೆ ಕನ್ನಡದ ನೆಲವೂ ಆತಿಥ್ಯ ನೀಡಿತು. 1924ರ ಡಿಸೆಂಬರಿನ ಬೆಳಗಾವಿ ಎಂದೊಡನೆ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನವೇ ಎಲ್ಲರ ಕಣ್ಮುಂದೆ ಬರುತ್ತದೆ. ಅದೇ ಊರಿನಲ್ಲಿ, ಅದೇ ದಿನಗಳಲ್ಲಿ ಗ್ರಂಥಾಲಯ ಸಮ್ಮೇಳನವೂ ನಡೆಯಿತು; ಅದಕ್ಕೆ ದೇಶಬಂಧು ಚಿತ್ತರಂಜನ ದಾಸರು ಅಧ್ಯಕ್ಷರಾಗಿದ್ದರು. ಮರುವರ್ಷವೇ ಬಂಗಾಳದಲ್ಲಿ ಗ್ರಂಥಾಲಯ ಸಂಘ ಸ್ಥಾಪನೆಯಾಗಿ ರವೀಂದ್ರನಾಥ ಠಾಕೂರರು ಅದರ ಮೊದಲ ಅಧ್ಯಕ್ಷರಾದರು. ಸ್ವರಾಜ್ಯದ ಮಾತಿನ ನಡುವೆ ಪುಸ್ತಕದ ಮಾತಿಗೂ ಜಾಗವಿದ್ದ ಕಾಲ ಅದು.

ಬೇಸತ್ತ ಗಣಿತದ ಮೇಷ್ಟ್ರು

ಬೆಳಗಾವಿಯ ಸಮ್ಮೇಳನ ನಡೆದ ವರ್ಷವೇ ಮದರಾಸಿನಲ್ಲಿ ಒಬ್ಬ ಗಣಿತದ ಅಧ್ಯಾಪಕರು ಪೇಚಿಗೆ ಸಿಕ್ಕಿದ್ದರು. ತಂಜಾವೂರು ಸೀಮೆಯ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದ ಎಸ್.ಆರ್. ರಂಗನಾಥನ್ ಅವರಿಗೆ ಪಾಠ ಹೇಳುವುದೆಂದರೆ ಪ್ರಾಣ. ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಹಾಕಿದ ನೂರಾರು ಜನರಲ್ಲಿ ಆ ವಿದ್ಯೆ ಬಲ್ಲವರು ಒಬ್ಬರೂ ಇರಲಿಲ್ಲ. ರಂಗನಾಥನ್ ಅವರಿಗೂ ಅದು ಗೊತ್ತಿರಲಿಲ್ಲ. ಸಂದರ್ಶನಕ್ಕೆ ಕೆಲವೇ ದಿನ ಮೊದಲು ವಿಶ್ವಕೋಶವೊಂದರಲ್ಲಿ ಗ್ರಂಥಾಲಯದ ಬಗ್ಗೆ ಓದಿಕೊಂಡು ಹೋಗಿದ್ದರಂತೆ.

1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದ ಅವರಿಗೆ ಕೆಲವೇ ದಿನಗಳಲ್ಲಿ ಉಸಿರುಕಟ್ಟಿದಂತಾಯಿತು. ತರಗತಿಯ ಕಲರವವಿಲ್ಲ, ಮಾತನಾಡಲು ಜೊತೆಯವರಿಲ್ಲ, ಸುತ್ತ ಬರೀ ಧೂಳು ಹಿಡಿದ ಕಪಾಟುಗಳು. ಪಾಠ ಹೇಳುವ ಕೆಲಸಕ್ಕೇ ವಾಪಸು ಕಳುಹಿಸಿ ಎಂದು ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರ ಬಳಿ ಹೋಗಿ ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬನ್ನಿ, ಆಗಲೂ ಬೇಸರವೆನಿಸಿದರೆ ನೋಡೋಣ ಎಂಬ ಸಲಹೆ ಸಿಕ್ಕಿತು.

ಲಂಡನ್ನಿನಲ್ಲಿ ಅವರ ಕಣ್ಣು ತೆರೆಯಿತು. ಬರ್ವಿಕ್ ಸೇಯರ್ಸ್ ಎಂಬ ಗುರುಗಳು ದೊರೆತರು. ಊರೂರು ಸುತ್ತಿ ಹಲವಾರು ಗ್ರಂಥಾಲಯಗಳನ್ನು ನೋಡಿದರು. ಗಣಿ ಕಾರ್ಮಿಕರಿಂದ ಹಿಡಿದು ಮಕ್ಕಳವರೆಗೆ ಎಲ್ಲರಿಗೂ ಪುಸ್ತಕ ಒದಗಿಸುವ ಜನರನ್ನು ಕಂಡು, ಅವರೊಡನೆ ಮಾತನಾಡಿದರು. ಒಂದೇ ಊರಿನಲ್ಲಿ ಕುಳಿತಿದ್ದರೆ ಹೊಳೆಯದ ಸಂಗತಿಗಳು ಹತ್ತು ಊರಿನ ಅನುಭವ ಕೇಳಿದಾಗ ಹೊಳೆದವು. 1925ರಲ್ಲಿ ಮರಳಿದವರು ಮತ್ತೆ ಗಣಿತದ ಹುದ್ದೆ ಕೇಳಲಿಲ್ಲ.

ತಮಗೆ ಲಂಡನ್ನಿನಲ್ಲಿ ಸಿಕ್ಕ ಸಹವಾಸ ಇಲ್ಲಿಯ ಗ್ರಂಥಪಾಲಕರಿಗೂ ಸಿಗಬೇಕೆಂಬುದು ಅವರ ಹಂಬಲ. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಹುಟ್ಟಿತು. ಮರುವರ್ಷ ಶಾಲಾ ಕಾಲೇಜುಗಳಿಗೆ ಬೇಸಗೆ ರಜೆ ಇದ್ದಾಗ ತರಬೇತಿ ಶಿಬಿರ ಶುರುವಾಯಿತು. ಅವರ ಪ್ರಸಿದ್ಧ ಪಂಚಸೂತ್ರಗಳ ಪುಸ್ತಕವನ್ನು 1931ರಲ್ಲಿ ಪ್ರಕಟಿಸಿದ್ದು ಕೂಡ ಈ ಸಂಘವೇ. ಪುಸ್ತಕವಿರುವುದು ಬೀಗ ಹಾಕಿಡಲಿಕ್ಕಲ್ಲ, ಬಳಸಲಿಕ್ಕೆ. ಓದುವವರೆಲ್ಲರಿಗೂ ಅವರವರಿಗೆ ಬೇಕಾದದ್ದು ಸಿಗಬೇಕು. ಒಂದು ಪುಸ್ತಕವೂ ಓದುಗರಿಲ್ಲದೆ ಅನಾಥವಾಗಬಾರದು. ಓದಲು ಬಂದವರ ಹೊತ್ತು ಹಾಳಾಗಬಾರದು. ಗ್ರಂಥಾಲಯ ಗಿಡದಂತೆ ಬೆಳೆಯುತ್ತಲೇ ಇರುತ್ತದೆ ಎಂಬುದು ಆ ಐದು ಸೂತ್ರಗಳ ತಾತ್ಪರ್ಯ. ಅದೇ 1931ರಲ್ಲಿ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯ ಮೇಲೆ ಪುಸ್ತಕಗಳು ಹೊರಟವು.

ಮಲ್ಲೇಶ್ವರದ ದಿನಗಳು

ಮದರಾಸು, ಬನಾರಸ್, ದೆಹಲಿಗಳಲ್ಲಿ ದುಡಿದು, ಕೆಲಕಾಲ ಜೂರಿಕ್‌ನಲ್ಲಿದ್ದು ಬಂದ ರಂಗನಾಥನ್ ಕೊನೆಗೆ ನೆಲೆಸಿದ್ದು ಬೆಂಗಳೂರಿನಲ್ಲಿ. ಆಗ ಅವರಿಗೆ ಅರುವತ್ತು ದಾಟಿತ್ತು. ವಿಶ್ರಾಂತ ಜೀವನಕ್ಕೆ ಹೇಳಿಮಾಡಿಸಿದ ಊರೆಂದು ಬಹಳ ಮಂದಿ ಬೆಂಗಳೂರಿಗೆ ಬರುತ್ತಿದ್ದ ಕಾಲ ಅದು. ಆದರೆ ಅವರು ಬಂದ ಮೇಲೆ ಮಲ್ಲೇಶ್ವರಕ್ಕೆ ಕೆಲಸ ಹೆಚ್ಚಾಯಿತೇ ಹೊರತು ವಿಶ್ರಾಂತಿಯಲ್ಲ. 1961ರಲ್ಲಿ ತಮ್ಮ ಗಳಿಕೆಯನ್ನು ಧಾರೆಯೆರೆದು ಪತ್ನಿ ಶಾರದಾ ಅವರ ಹೆಸರೂ ಸೇರಿದ ದತ್ತಿಯನ್ನು ಸ್ಥಾಪಿಸಿದರು. 1962ರಲ್ಲಿ ಪ್ರೊ. ಪಿ.ಸಿ. ಮಹಾಲನೋಬಿಸ್ ಅವರ ಬೆಂಬಲದೊಡನೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್, ಅಂದರೆ ಡಿಆರ್‌ಟಿಸಿ, ಬೆಂಗಳೂರಿನಲ್ಲಿ ಆರಂಭವಾಯಿತು. ಅದರ ಆರಂಭದ ದಿನಗಳ ವಿಳಾಸವೇ ಮಲ್ಲೇಶ್ವರದ 11ನೇ ಅಡ್ಡರಸ್ತೆ.

ಈ ಕೇಂದ್ರಕ್ಕೆ ಬೆಂಗಳೂರು ತಕ್ಕ ಊರಾಗಿತ್ತು. ಹಿಂದೂಸ್ತಾನ್ ವಿಮಾನ ಕಾರ್ಖಾನೆ, ಟೆಲಿಫೋನ್ ಕಾರ್ಖಾನೆ, ಎಚ್‌ಎಂಟಿ, ಭಾರತ್ ಎಲೆಕ್ಟ್ರಾನಿಕ್ಸ್, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ವಿಜ್ಞಾನ ಸಂಸ್ಥೆ ಎಲ್ಲವೂ ಇಲ್ಲಿದ್ದವು. ಕಾರ್ಖಾನೆಯ ಎಂಜಿನಿಯರಿಗೆ ಇಡೀ ಪುಸ್ತಕ ಬೇಕಿರಲಿಲ್ಲ. ಯಾವುದೋ ದೇಶದ ಪತ್ರಿಕೆಯಲ್ಲಿ ಬಂದ ನಾಲ್ಕು ಪುಟದ ಲೇಖನ ಇಂದೇ ಬೇಕಿತ್ತು. ಅದನ್ನು ಹುಡುಕಿ ಕೊಡುವ ವಿದ್ಯೆಯೇ ಡಾಕ್ಯುಮೆಂಟೇಷನ್.

ಆ ವಿದ್ಯೆಯ ತಿರುಳು ವರ್ಗೀಕರಣ. ವಿದ್ಯಾರ್ಥಿಗಳಿಗೆ ಅರ್ಥವಾಗಲು ಒಂದು ಉದಾಹರಣೆ ನೋಡಬಹುದು. ಮಲೆನಾಡಿನಲ್ಲಿ ಅಡಿಕೆಗೆ ಮಳೆಗಾಲದಲ್ಲಿ ತಗಲುವ ಕೊಳೆರೋಗವನ್ನು ತಡೆಯುವ ಬಗ್ಗೆ ಒಂದು ಲೇಖನವಿದೆಯೆನ್ನೋಣ. ಇದನ್ನು ಅಡಿಕೆಯ ಕೆಳಗೆ ಇಡಬೇಕೆ, ರೋಗದ ಕೆಳಗೆ ಇಡಬೇಕೆ, ಮಲೆನಾಡಿನ ಕೆಳಗೆ ಇಡಬೇಕೆ? ರಂಗನಾಥನ್ ಅವರ ಕೋಲನ್ ವರ್ಗೀಕರಣ ಈ ಜಗಳವನ್ನು ಬಗೆಹರಿಸುತ್ತದೆ. ವಿಷಯವನ್ನು ಮೊದಲು ಬಿಡಿಸು: ಯಾವ ಬೆಳೆ, ಯಾವ ತೊಂದರೆ, ಯಾವ ಕ್ರಮ, ಎಲ್ಲಿ, ಯಾವಾಗ. ಆಮೇಲೆ ಆ ಬಿಡಿ ಭಾಗಗಳ ಸಂಕೇತಗಳನ್ನು ಗೊತ್ತಾದ ಕ್ರಮದಲ್ಲಿ ಜೋಡಿಸು. ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೊ ಆಟಿಕೆ, ಅಂದರೆ ಅದವೇ ತಗಡಿನ ಪಟ್ಟಿಗಳನ್ನು ಬೇರೆಬೇರೆಯಾಗಿ ಜೋಡಿಸಿ ಬಗೆಬಗೆಯ ಆಕಾರ ಮಾಡುವ ಆಟ, ಈ ಕಲ್ಪನೆಗೆ ಪ್ರೇರಣೆ.

ಇಂಥ ವಿದ್ಯೆಯನ್ನು ಒಬ್ಬರೇ ಕುಳಿತು ಬೆಳೆಸಲಾಗದು. ದಿನಕ್ಕೊಂದು ಹೊಸ ವಿಷಯ ಹುಟ್ಟುತ್ತದೆ. ಅದಕ್ಕೆ ಸ್ಥಾನ ಎಲ್ಲಿ ಎಂಬುದನ್ನು ಹತ್ತಾರು ಮಂದಿ ಹತ್ತಾರು ಕಡೆ ಪ್ರಯೋಗಿಸಿ ನೋಡಿ ಬಂದು ಹೇಳಬೇಕು. ಹಾಗಾಗಿ ಡಿಆರ್‌ಟಿಸಿಯಲ್ಲಿ 1963ರಿಂದ ವಾರ್ಷಿಕ ವಿಚಾರ ಸಂಕಿರಣಗಳು ಶುರುವಾದವು. 1964ರಲ್ಲಿ ತ್ರೈಮಾಸಿಕ ಪತ್ರಿಕೆಯೂ ಹೊರಟಿತು. ಬದಲಾದ ಹೆಸರಿನಲ್ಲಿ ಶಾರದಾ ರಂಗನಾಥನ್ ದತ್ತಿಯೇ ಅದನ್ನು ಮುಂದುವರಿಸಿಕೊಂಡು ಬಂದಿದೆ. ಸಂಕಿರಣದ ಪ್ರಬಂಧಗಳು ಸಂಪುಟಗಳಾಗಿ ಅಚ್ಚಾದವು. ಸಭೆಗೆ ಬರಲಾಗದ ದೂರದ ಗ್ರಂಥಪಾಲಕನಿಗೂ ಅಂಚೆಯಲ್ಲಿ ಅವು ತಲುಪಿದರೆ ಅವನೂ ಆ ಬಳಗದವನೇ ಆದಂತೆ. ಇಲ್ಲಿ ಕಲಿತ ವಿದ್ಯಾರ್ಥಿಗಳು ಮುಂದೆ ದೇಶದ ಕಾರ್ಖಾನೆ, ಪ್ರಯೋಗಾಲಯ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಹರಡಿದರು. ತೊಡಕು ಬಂದಾಗ ಸಹಪಾಠಿಗೆ ಒಂದು ಕಾಗದ ಬರೆದರಾಯಿತು. ಪದವಿ ಪತ್ರದಷ್ಟೇ ಬೆಲೆಬಾಳುವ ಆಸ್ತಿ ಅದು.

1965ರಲ್ಲಿ ಭಾರತ ಸರ್ಕಾರ ರಂಗನಾಥನ್ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ಗೌರವಿಸಿತು. 1972ರ ಸೆಪ್ಟೆಂಬರ್ 27ರಂದು ಅವರು ಬೆಂಗಳೂರಿನಲ್ಲೇ ಕಣ್ಮುಚ್ಚಿದರು. ಅವರ ಜನ್ಮದಿನದ ನೆನಪಿಗೆ ಆಗಸ್ಟ್ 12ನ್ನು ದೇಶದ ಗ್ರಂಥಪಾಲಕರೆಲ್ಲ ತಮ್ಮ ದಿನವಾಗಿ ಆಚರಿಸುತ್ತಾರೆ.

ಕಬ್ಬನ್ ಉದ್ಯಾನದ ಕೆಂಪು ಕಟ್ಟಡ

ಮಲ್ಲೇಶ್ವರದಲ್ಲಿ ನಡೆದ ಚಿಂತನೆ ಜನಸಾಮಾನ್ಯರನ್ನು ತಲುಪಿದ ಬಗೆ ನೋಡಬೇಕಾದರೆ ಕಬ್ಬನ್ ಉದ್ಯಾನಕ್ಕೆ ಬರಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮರಣಾರ್ಥ ಕಟ್ಟಿದ ಕೆಂಪು ಭವನದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆಯಿತು. ಎತ್ತರದ ಕಂಬಗಳು, ಹೆಂಚಿನ ಮಾಡು, ಎದುರಿಗೆ ಗುಲಾಬಿ ತೋಟ, ಸುತ್ತ ದೊಡ್ಡ ಮರಗಳ ನೆರಳು. ಇಂದು ಅದು ರಾಜ್ಯ ಕೇಂದ್ರ ಗ್ರಂಥಾಲಯ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹಳ್ಳಿಯ ಹುಡುಗರಿಗೂ, ಪತ್ರಿಕೆ ಓದಲು ಬರುವ ನಿವೃತ್ತರಿಗೂ ಒಂದೇ ಸೂರು.

ಈ ಭವನವನ್ನು ಊರಿನ ಸಣ್ಣ ವಾಚನಾಲಯಗಳಿಗೆ ಜೋಡಿಸಿದ್ದು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ಆಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರು. ರಂಗನಾಥನ್ 1930ರಿಂದಲೂ ಮಾದರಿ ಕಾಯ್ದೆಗಳನ್ನು ಬರೆದು, ಪ್ರಾಂತ ಪ್ರಾಂತಗಳ ಸರ್ಕಾರಗಳ ಬಾಗಿಲು ತಟ್ಟಿದ್ದರು. ಮದರಾಸಿನಲ್ಲಿ 1948ರಲ್ಲಿ ಫಲ ಸಿಕ್ಕಿತು. ಅವರು ನೆಲೆಸಿದ ನಾಡಿನಲ್ಲಿ 17 ವರ್ಷಗಳ ನಂತರ. ಮನೆ ನಿವೇಶನಗಳ ತೆರಿಗೆಯ ಜೊತೆ ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಗ್ರಂಥಾಲಯ ಕರ ಈ ಕಾಯ್ದೆಯ ಬೆನ್ನೆಲುಬು. ಮನೆಯ ಕಂದಾಯದ ರಸೀತಿಯನ್ನು ತಂದೆತಾಯಂದಿರು ಒಮ್ಮೆ ಬಿಡಿಸಿ ನೋಡಲಿ. ಅದರಲ್ಲಿ ಗ್ರಂಥಾಲಯದ ಬಾಬ್ತು ಕಾಣುತ್ತದೆ. ಬಡಾವಣೆಯ ಲೈಬ್ರರಿಗೆ ಮಕ್ಕಳನ್ನು ಕಳುಹಿಸದಿದ್ದರೆ ಕೊಟ್ಟ ಹಣಕ್ಕೆ ಪ್ರತಿಫಲ ಪಡೆಯದೆ ಬಿಟ್ಟಂತೆಯೇ ಸರಿ.

ಪಂಚಾಯಿತಿಯ ಒಂಟಿ ಕುರ್ಚಿ

ಆದರೆ ಕಾಯ್ದೆಯಿಂದ ಕಟ್ಟಡ ಬರಬಹುದು, ಕಪಾಟು ಬರಬಹುದು. ಗ್ರಂಥಪಾಲಕನ ಒಂಟಿತನ ಅದರಿಂದ ಹೋಗುವುದಿಲ್ಲ. ಕರ್ನಾಟಕದಲ್ಲಿ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. ಈಗ ಅವುಗಳಿಗೆ ಅರಿವು ಕೇಂದ್ರಗಳೆಂದು ಹೆಸರು. ಇಲ್ಲಿಯ ಮೇಲ್ವಿಚಾರಕರಲ್ಲಿ ಹೆಚ್ಚಿನವರು ಅದೇ ಊರಿನವರು. ಗ್ರಂಥಾಲಯ ವಿಜ್ಞಾನದ ಪದವಿ ಎಲ್ಲರಿಗೂ ಇಲ್ಲ. ಕಸ ಗುಡಿಸುವುದರಿಂದ ಹಿಡಿದು ಕಂಪ್ಯೂಟರ್ ನಡೆಸುವವರೆಗೆ ಎಲ್ಲವನ್ನೂ ಒಬ್ಬರೇ ಮಾಡಬೇಕು.

ಇಂಥವರಿಗೆ ತರಬೇತಿಯ ಒಂದು ದಿನ, ತಾಲ್ಲೂಕಿನ ಒಂದು ಸಭೆ ಎಷ್ಟು ದೊಡ್ಡದೆಂಬುದು ಹೊರಗಿನವರಿಗೆ ತಿಳಿಯದು. ಒಬ್ಬರು ಶನಿವಾರ ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು ಕಥೆ ಓದಿಸಿದರೆ, ಅದನ್ನು ಕೇಳಿದ ಇನ್ನೊಬ್ಬರು ತಮ್ಮೂರಿನಲ್ಲಿ ಅದನ್ನೇ ಮಾಡಿ ನೋಡಬಹುದು. ಒಬ್ಬರು ದಾನಿಗಳಿಂದ ಪುಸ್ತಕ ಕೂಡಿಸಿದರೆ ಆ ದಾರಿ ಇತರರಿಗೂ ತೋರುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಹಳ್ಳಿಯ ಮಕ್ಕಳನ್ನು ಪಂಚಾಯಿತಿ ಗ್ರಂಥಾಲಯಕ್ಕೆ ಕರೆತರಲು ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. ಆದೇಶ ರಾಜಧಾನಿಯಿಂದ ಬರಬಹುದು. ಅಳುಕುವ ಮಗುವನ್ನು ಒಳಗೆ ಕರೆದು ಚಾಪೆಯ ಮೇಲೆ ಕೂರಿಸುವುದು ಹೇಗೆಂಬ ಉಪಾಯ ಹುಟ್ಟುವುದು ಮೇಲ್ವಿಚಾರಕರ ಅನುಭವದಲ್ಲೇ. ಆ ಅನುಭವ ಒಬ್ಬರಿಂದ ಒಬ್ಬರಿಗೆ ದಾಟದಿದ್ದರೆ ಅವರು ನಿವೃತ್ತರಾದ ದಿನವೇ ಅದೂ ಮುಗಿದುಹೋಗುತ್ತದೆ.

ಶಾಲೆಗಳ ಸ್ಥಿತಿಯಂತೂ ಇನ್ನೂ ಯೋಚಿಸಬೇಕಾದದ್ದು. ಎಷ್ಟೋ ಶಾಲೆಗಳಲ್ಲಿ ಗ್ರಂಥಪಾಲಕರೇ ಇಲ್ಲ. ಬೀರುವಿನ ಬೀಗದ ಕೈ ಯಾವುದೋ ಮೇಷ್ಟ್ರ ಜೇಬಿನಲ್ಲಿ. ಪುಸ್ತಕ ಕಳೆದರೆ ತಮ್ಮ ತಲೆಗೆ ಬರುತ್ತದೆಂದು ಅವರು ಬೀರುವನ್ನೇ ತೆರೆಯುವುದಿಲ್ಲ. ಪಂಚಸೂತ್ರಗಳಲ್ಲಿ ಮೊದಲನೆಯದೇ ಅಲ್ಲಿ ಮುರಿದು ಬೀಳುತ್ತದೆ. ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ, ‘ನಮ್ಮ ಮಗು ಈ ತಿಂಗಳು ಲೈಬ್ರರಿಯಿಂದ ಏನು ತೆಗೆದುಕೊಂಡಿತು?’ ಎಂದು ಒಬ್ಬರಾದರೂ ಕೇಳಿದರೆ ಆ ಬೀಗ ಸಡಿಲವಾದೀತು.

ನೋಡಹೋಗುವವರಿಗೆ

ರಜೆಯಲ್ಲಿ ಮಕ್ಕಳೊಡನೆ ಬೆಂಗಳೂರಿಗೆ ಬಂದವರು ಈ ಮೂರೂ ಜಾಗಗಳನ್ನು ಒಂದೇ ದಿನದಲ್ಲಿ ಸುತ್ತಬಹುದು. ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಮಲ್ಲೇಶ್ವರ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ರೈಲಿಗೆ ಬದಲಾಯಿಸಿದರೆ ಒಂದು ಕಡೆ ಕಬ್ಬನ್ ಉದ್ಯಾನ, ಇನ್ನೊಂದು ಕಡೆ ಮೈಸೂರು ರಸ್ತೆ. ಡಿಆರ್‌ಟಿಸಿ ಈಗಿರುವುದು ಮೈಸೂರು ರಸ್ತೆಯ 8ನೇ ಮೈಲಿಯ ಬಳಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣದಲ್ಲಿ. ಅದು ವಿದ್ಯಾಸಂಸ್ಥೆಯಾದ್ದರಿಂದ ಮೊದಲೇ ಅನುಮತಿ ಕೇಳಿ ಹೋಗುವುದು ಲೇಸು. ಪದವಿ ಮುಗಿಸಿದವರಿಗೆ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣ ಅಲ್ಲಿದೆ. ನಮ್ಮ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲೂ ಈ ವಿಷಯದ ವಿಭಾಗಗಳಿವೆ. ಕಂಪ್ಯೂಟರಿನಲ್ಲಿ ಹುಡುಕಿದ್ದೆಲ್ಲ ಸಿಗುವ ಈ ಕಾಲದಲ್ಲಿ ಇದೇಕೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಹುಡುಕಿದಾಗ ಸಿಕ್ಕ ಹತ್ತು ಸಾವಿರದಲ್ಲಿ ಬೇಕಾದ ಹತ್ತನ್ನು ಆರಿಸುವುದು, ಅವುಗಳಲ್ಲಿ ನಂಬತಕ್ಕದ್ದನ್ನು ಗುರುತಿಸುವುದು ಹಿಂದಿಗಿಂತ ಇಂದು ಹೆಚ್ಚು ಬೇಕಾದ ವಿದ್ಯೆ.

ಅಷ್ಟು ದೂರ ಬರಲಾಗದವರು ತಮ್ಮೂರಿನ ಲೈಬ್ರರಿಗೇ ಒಂದು ಸಂಜೆ ಹೋಗಿಬರಲಿ. ಮೇಜಿನ ಹಿಂದೆ ಕುಳಿತವರ ಹತ್ತಿರ ಒಂದು ವಿಷಯ ಹೇಳಿ, ಇದರ ಬಗ್ಗೆ ಓದಲು ಏನಿದೆ ಸರ್, ಏನಿದೆ ಮೇಡಂ ಎಂದು ಕೇಳಲಿ. ಬಹಳ ದಿನಗಳಿಂದ ಯಾರೂ ಕೇಳದಿದ್ದ ಪ್ರಶ್ನೆ ಅದಾಗಿರಬಹುದು. ಅವರು ಎದ್ದು ಕಪಾಟಿನತ್ತ ನಡೆಯುವ ಉತ್ಸಾಹವನ್ನು ಮಕ್ಕಳು ನೋಡಬೇಕು.